ಅಪ್‌ಡೇಟ್ ಆದ ಮ್ಯಾಲ ಫೋಟೋ ಎಡಿಟಿಂಗ್ ಕೆಟ್ಟದೇನು? ಅನ್‌ಇನ್‌ಸ್ಟಾಲ್ ಮಾಡಬ್ಯಾಡ್ರಿ, ಸ್ವಲ್ಪ ತಡೀರಿ

ಬಸ್ಸಿನ್ಯಾಗ ಇಯರ್‌ಫೋನ್ ಹಾಕ್ಕೊಂಡು ಕೇಳೋರಿಗೂ ನಮಸ್ಕಾರ, ಸ್ಟುಡಿಯೋದಾಗ ಸ್ಪೀಕರ್ ಹಚ್ಚಿ ಕೆಲಸ ಮಾಡ್ಕೋತ ಕೇಳೋರಿಗೂ ನಮಸ್ಕಾರ. ಇವತ್ತಿನ ಸಂಚಿಕೆ ಆ ಎರಡನೇಯವರಿಗೇ ಜಾಸ್ತಿ ಸೇರಿದ್ದು.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಸ್ಟುಡಿಯೋ ಹುಡುಗರು, ಬ್ಯಾನರ್ ಡಿಸೈನ್ ಮಾಡೋರು, ಮೊಬೈಲ್‌ನಲ್ಲೇ ಎಡಿಟಿಂಗ್ ಕಲಿತು ನಾಲ್ಕು ಕಾಸು ಸಂಪಾದಿಸೋರು ನನಗೆ ವಾಯ್ಸ್ ಮೆಸೇಜ್ ಕಳಿಸ್ತಿರ್ತಾರೆ. ಅದರಲ್ಲಿ ಮತ್ತೆ ಮತ್ತೆ ಬರೋ ಮಾತು ಒಂದೇ: "ಅಣ್ಣಾ, ನಿನ್ನೆ ಮಟಾ ಎಲ್ಲಾ ಛೊಲೋ ಇತ್ತು. ರಾತ್ರಿ ಅಪ್‌ಡೇಟ್ ತಗೊಂಡದ. ಮುಂಜಾನೆ ನೋಡಿದ್ರ ಕೆಲಸನೇ ಮಾಡವಲ್ದು. ಡಿಲೀಟ್ ಮಾಡಿ ಮತ್ತ ಹಾಕ್ಲೇನು?"

ಹಾಕಬ್ಯಾಡ್ರಿ. ಕನಿಷ್ಠ ಈ ಸಂಚಿಕೆ ಮುಗಿಯೋ ತನಕ ಕೈ ಕಟ್ಕೊಂಡು ಕೂಡ್ರಿ.

ನಾನು ಬಿ.ಕಾಂ. ಓದಿದವನು, ಎಂಜಿನಿಯರ್ ಅಲ್ಲ. ಹಂಗಾಗಿ ಮೊದಲು ಲೆಕ್ಕದ ಮಾತು. ಒಂದು ಫೋಟೋ ಸ್ಟುಡಿಯೋದಲ್ಲಿ ಆಸ್ತಿ ಅಂದ್ರೆ ಯಾವುದು? ಕಂಪ್ಯೂಟರ್ ಅಂತೀರಿ. ಅದರ ಬೆಲೆ ವರ್ಷ ವರ್ಷ ಇಳೀತದೆ, ನಾಳೆ ಹೊಸದು ತರಬಹುದು. ಸಾಫ್ಟ್‌ವೇರ್ ಅಂತೀರಿ. ಅದು ಬಾಡಿಗೆ ಮನೆ ಇದ್ದಂಗೆ, ಬಿಟ್ಟು ಬೇರೆ ಕಡೆ ಹೋಗಬಹುದು. ಮತ್ತೆ ಸಿಗದೇ ಇರೋದು ಒಂದೇ: ಅವತ್ತು ಹೊಡೆದ ಫೋಟೋ, ಮತ್ತು ಅದರ ಮೇಲೆ ನೀವು ಕೂತು ಮಾಡಿದ ಕೆಲಸ. ಅಕ್ಕಿಕಾಳು ಬೀಳೋ ಹೊತ್ತಿನ ಫೋಟೋ ಹೋಯಿತು ಅಂದ್ರೆ ಮದುಮಕ್ಕಳನ್ನ ಮತ್ತೆ ಮಂಟಪಕ್ಕೆ ಕರೆಸೋಕೆ ಆಗ್ತದೇನ್ರಿ? ಅಡ್ವಾನ್ಸ್ ವಾಪಸ್ ಕೊಟ್ಟರೂ ಆ ಮನೆಯವರ ಮುಂದೆ ಮುಖ ಎತ್ತೋಕೆ ಆಗಲ್ಲ. ಸಣ್ಣ ಊರಲ್ಲಿ ಈ ಸುದ್ದಿ ಒಂದು ವಾರದಲ್ಲಿ ಸುತ್ತಿನ ಹತ್ತು ಹಳ್ಳಿಗೆ ಮುಟ್ಟಿರ್ತದೆ.

ಹಾಗಾಗಿ ಸಾಫ್ಟ್‌ವೇರ್ ಕೆಟ್ಟಾಗ ಮೊದಲ ಕೆಲಸ ಸಾಫ್ಟ್‌ವೇರ್ ರಿಪೇರಿ ಅಲ್ಲ. ಮೆಮೊರಿ ಕಾರ್ಡ್ ಇನ್ನೂ ಫಾರ್ಮ್ಯಾಟ್ ಆಗಿಲ್ಲ ಅಂದ್ರೆ ಅದನ್ನ ತೆಗೆದು ಪಕ್ಕಕ್ಕಿಡ್ರಿ. ಕೆಲಸದ ಫೋಲ್ಡರ್ ಪೂರ್ತಿ ಬೇರೊಂದು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡ್ರಿ. ಆಮೇಲೆ ಏನು ಬೇಕಾದ್ರೂ ಒತ್ತಿ ನೋಡ್ರಿ.

ಇದು ಬರೀ ಹೆದರಿಕೆ ಮಾತಲ್ಲ. 2020ರ ಆಗಸ್ಟ್‌ನಲ್ಲಿ ಐಫೋನ್, ಐಪ್ಯಾಡ್‌ನ ಲೈಟ್‌ರೂಮ್ ಆ್ಯಪ್‌ಗೆ 5.4 ಅನ್ನೋ ಅಪ್‌ಡೇಟ್ ಬಂತು. ಅದನ್ನ ಹಾಕ್ಕೊಂಡ ಎಷ್ಟೋ ಜನರ ಫೋಟೋ ಮತ್ತು ಪ್ರಿಸೆಟ್ ಮಾಯವಾದವು. ಅಡೋಬಿ ಕಂಪನಿ ತಪ್ಪನ್ನ ಒಪ್ಪಿಕೊಂಡು ಕ್ಷಮೆ ಕೇಳಿತು, 5.4.1 ಅಂತ ಸರಿಪಡಿಸಿದ ಆವೃತ್ತಿ ಬಿಟ್ಟಿತು. ಆದ್ರೆ ಆ ಹೊಸ ಆವೃತ್ತಿ ಹೋದ ಫೋಟೋಗಳನ್ನ ವಾಪಸ್ ತರಲಿಲ್ಲ. ಕ್ಲೌಡ್‌ಗೆ ಸಿಂಕ್ ಆಗಿದ್ದವು ಉಳಿದವು, ಬರೀ ಫೋನಿನಲ್ಲಿದ್ದವು ಹೋದವು. ಅದಕ್ಕೂ ಮೊದಲು, 2018ರ ಅಕ್ಟೋಬರ್‌ನಲ್ಲಿ, ವಿಂಡೋಸ್ 10ರ 1809 ಅಪ್‌ಡೇಟ್ ಕೆಲವರ ಸ್ವಂತ ಫೈಲ್‌ಗಳನ್ನೇ ಅಳಿಸಿಹಾಕಿತ್ತು. ಮೈಕ್ರೋಸಾಫ್ಟ್ ಅದನ್ನ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇಷ್ಟು ದೊಡ್ಡ ಕಂಪನಿಗಳಿಗೇ ಹಿಂಗಾಗಿದೆ.

ಈಗ ಮೊಬೈಲ್ ವಿಷಯಕ್ಕೆ ಬರೋಣ, ಯಾಕಂದ್ರೆ ನೀವು ಬಹಳ ಮಂದಿ ಇದರಲ್ಲೇ ಕೆಲಸ ಮಾಡೋರು.

ಆ್ಯಂಡ್ರಾಯ್ಡ್ ಫೋನಲ್ಲಿ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ತದೆ, ಅಥವಾ ಫೋಟೋ ಸೇವ್ ಆಗ್ತಿಲ್ಲ. ಗೆಳೆಯರೊಬ್ಬರು ಹೇಳ್ತಾರೆ, "ಸೆಟ್ಟಿಂಗ್ಸ್‌ಗೆ ಹೋಗಿ ಕ್ಲಿಯರ್ ಮಾಡು." ಅಲ್ಲಿ ಎರಡು ಬಟನ್ ಪಕ್ಕಪಕ್ಕದಲ್ಲಿರ್ತವೆ. ಕ್ಲಿಯರ್ ಕ್ಯಾಶ್ ಒಂದು, ಕ್ಲಿಯರ್ ಸ್ಟೋರೇಜ್ ಅಥವಾ ಕ್ಲಿಯರ್ ಡೇಟಾ ಇನ್ನೊಂದು. ಕ್ಯಾಶ್ ಅಂದ್ರೆ ಆ್ಯಪ್ ತನ್ನ ಅನುಕೂಲಕ್ಕೆ ಇಟ್ಟುಕೊಂಡ ತಾತ್ಕಾಲಿಕ ಕಸ. ಗುಡಿಸಿದ್ರೆ ಸಾಮಾನ್ಯವಾಗಿ ಏನೂ ನಷ್ಟ ಇಲ್ಲ. ಆದ್ರೆ ಡೇಟಾ ಕ್ಲಿಯರ್ ಅಂದ್ರೆ ಮನೆ ಸಾಮಾನನ್ನೇ ಹೊರಗೆ ಎಸೆದಂಗೆ. ನೀವು ಅರ್ಧ ಮಾಡಿಟ್ಟ ಪ್ರಾಜೆಕ್ಟ್, ಡ್ರಾಫ್ಟ್, ಹಾಕಿಕೊಂಡ ಫಾಂಟ್, ಎಲ್ಲಾ ಹೋಗ್ತದೆ. ಅನ್‌ಇನ್‌ಸ್ಟಾಲ್ ಮಾಡಿದ್ರೂ ಅದೇ ಕಥೆ. ಗ್ಯಾಲರಿಗೆ ಸೇವ್ ಮಾಡಿದ ಫೋಟೋ ಉಳೀತದೆ. ಆ್ಯಪ್‌ನ ಸ್ವಂತ ಫೋಲ್ಡರ್‌ನಲ್ಲಿರೋ ಡ್ರಾಫ್ಟ್ ಆ್ಯಪ್ ಜೊತೆಗೇ ಅಳಿಸಿಹೋಗ್ತದೆ. ಆ್ಯಪ್ ಒಂದೆರಡು ನಿಮಿಷ ಆದ್ರೂ ತೆರೀತಿದ್ರೆ, ಇದ್ದ ಡ್ರಾಫ್ಟ್‌ಗಳನ್ನ ಒಂದೊಂದಾಗಿ ಗ್ಯಾಲರಿಗೆ ಎಕ್ಸ್‌ಪೋರ್ಟ್ ಮಾಡಿಕೊಳ್ರಿ. ಅದೇ ಮೊದಲ ಕೆಲಸ.

ಕೆಲವು ಸಲ ಆ್ಯಪ್‌ದು ತಪ್ಪೇ ಇರಲ್ಲ. 2021ರ ಮಾರ್ಚ್‌ನಲ್ಲಿ ಜಗತ್ತಿನ ತುಂಬಾ ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಜಿಮೇಲ್ ಸೇರಿದಂತೆ ಹತ್ತಾರು ಆ್ಯಪ್‌ಗಳು ಒಮ್ಮೆಲೇ ಕ್ರ್ಯಾಶ್ ಆಗತೊಡಗಿದವು. ಕಾರಣ, ಹಿನ್ನೆಲೆಯಲ್ಲಿ ಕೆಲಸ ಮಾಡೋ ಆ್ಯಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಅನ್ನೋ ಒಂದು ಭಾಗದ ತೊಂದರೆ. ಅವತ್ತು ತಾಳ್ಮೆಯಿಂದ ಕಾದವರಿಗೆ ಗೂಗಲ್ ಹೊಸ ಅಪ್‌ಡೇಟ್ ಕೊಟ್ಟು ಸರಿ ಮಾಡಿತು. ಕಾಯದೆ ತಮ್ಮ ಆ್ಯಪ್‌ಗಳನ್ನ ಅಳಿಸಿ ಕೂತವರು ಸುಮ್ಮನೆ ಡೇಟಾ ಕಳ್ಕೊಂಡರು. ಹಂಗಾಗಿ ಎಡಿಟಿಂಗ್ ಆ್ಯಪ್ ಜೊತೆಗೆ ಇನ್ನೆರಡು ಆ್ಯಪ್‌ಗಳೂ ಅದೇ ದಿನ ಕೈಕೊಟ್ಟಿದ್ರೆ, ತಪ್ಪು ಬೇರೆ ಕಡೆ ಅದ ಅಂತ ತಿಳ್ಕೊಳ್ರಿ.

ಹಳೆ ಆವೃತ್ತಿಯ ಎಪಿಕೆ ಹುಡುಕೋರು ಬಹಳ. "ಹಳೇದು ಹಾಕಿದ್ರ ಆತು" ಅಂತಾರೆ. ಹೊಸ ಆವೃತ್ತಿ ಇರೋವಾಗ ಅದರ ಮೇಲೆ ಹಳೇದನ್ನ ಹಾಕೋಕೆ ಆ್ಯಂಡ್ರಾಯ್ಡ್ ಬಿಡಲ್ಲ. ಮೊದಲು ಹೊಸದನ್ನ ಅನ್‌ಇನ್‌ಸ್ಟಾಲ್ ಮಾಡಬೇಕು, ಅಂದ್ರೆ ಮತ್ತೆ ಡ್ರಾಫ್ಟ್ ಹೋಯಿತು. ಇನ್ನು ಎಲ್ಲಿಂದಲೋ ಬಂದ ಎಪಿಕೆ ಅಂದ್ರೆ ಅದರೊಳಗೆ ಏನದ ಅಂತ ಯಾರಿಗೆ ಗೊತ್ತು? ಮದುವೆ ಆಮಂತ್ರಣ ಅಂತ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಕಳಿಸಿ ಫೋನ್ ಕೈವಶ ಮಾಡಿಕೊಳ್ಳೋ ಮೋಸದ ಬಗ್ಗೆ 2024ರಲ್ಲಿ ಪೊಲೀಸರೇ ಎಚ್ಚರಿಕೆ ಕೊಟ್ಟಿದ್ದರು. ಫೋನ್‌ಪೇ, ಗೂಗಲ್‌ಪೇ ಇರೋ ಅದೇ ಫೋನಿಗೆ ಗೊತ್ತಿಲ್ಲದ ಎಪಿಕೆ ಹಾಕೋದು, ಗಲ್ಲಾಪೆಟ್ಟಿಗೆ ತೆರೆದಿಟ್ಟು ಊಟಕ್ಕೆ ಹೋದಂಗೆ.

ಇನ್ನು ಕಂಪ್ಯೂಟರ್. ಇಲ್ಲಿ ನಾನು ಒಂದು ವಿಷಯದ ಮೇಲೆ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ಇಂಗ್ಲಿಷ್‌ನ ಯೂಟ್ಯೂಬ್ ವಿಡಿಯೋಗಳಲ್ಲಿ ಇದನ್ನ ಯಾರೂ ಹೇಳಲ್ಲ. ಅದು ನಮ್ಮ ಅಕ್ಷರ ಒಡೆಯೋ ಸಮಸ್ಯೆ.

ಆಳಂದದ ಡಿಸೈನರ್ ಒಬ್ಬರ ಫೋಟೋ ನೋಡಿದೆ. ಬ್ಯಾನರ್‌ನಲ್ಲಿ "ಶ್ರದ್ಧಾಂಜಲಿ" ಅಂತ ಇರಬೇಕಿತ್ತು. ಅಪ್‌ಡೇಟ್ ಆದ ಮೇಲೆ ಒತ್ತಕ್ಷರ ಎಲ್ಲಾ ಬಿಡಿಬಿಡಿಯಾಗಿ ಸಾಲಾಗಿ ನಿಂತಿದ್ದವು. ಹಿರಿಯರು ತೀರಿಕೊಂಡ ಮನೆ, ಸಂಜೆಗೆ ಬ್ಯಾನರ್ ಬೇಕು, ಇಲ್ಲಿ ಹೆಸರೇ ಓದೋಕೆ ಬರ್ತಿಲ್ಲ. ಆ ಮನುಷ್ಯನ ದನಿ ಕೇಳಿದ್ರೆ ಪಾಪ ಅನಿಸ್ತಿತ್ತು.

ಇದಕ್ಕೆ ಎರಡು ಬೇರೆ ಬೇರೆ ಕಾರಣ ಇರ್ತವೆ. ಯಾವುದು ಅಂತ ಕಣ್ಣಿನಿಂದಲೇ ಗುರುತಿಸಬಹುದು.

ಮೊದಲನೇದು, ಕನ್ನಡ ಇದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿತ್ರವಿಚಿತ್ರ ಚಿಹ್ನೆ ಕಾಣಿಸೋದು. ಅದು ನುಡಿ ಅಥವಾ ಬರಹದ ಹಳೆ ಫಾಂಟ್‌ನ ಕೆಲಸ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ಕೊಟ್ಟ ಬರಹ, ಇವೆರಡರ ಹಳೆ ಫಾಂಟ್‌ಗಳಲ್ಲಿ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಕೋಡ್. ಫಾಂಟ್ ಅದರ ಮೇಲೆ ಕನ್ನಡದ ಆಕಾರ ಬಿಡಿಸ್ತದೆ. ಫಾಂಟ್ ಸಿಗಲಿಲ್ಲ ಅಂದ್ರೆ ವೇಷ ಕಳಚಿ ಒಳಗಿನ ಇಂಗ್ಲಿಷ್ ಹೊರಗೆ ಬರ್ತದೆ. ಅಕ್ಷರ ಕೆಟ್ಟಿಲ್ಲ, ಹೊಸ ಆವೃತ್ತಿಗೆ ಫಾಂಟ್ ಕಾಣ್ತಿಲ್ಲ ಅಷ್ಟೇ. ವಿಂಡೋಸ್‌ನಲ್ಲಿ ಫಾಂಟ್ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಬರೀ "ಇನ್‌ಸ್ಟಾಲ್" ಬದಲು "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಅನ್ನೋದನ್ನ ಒತ್ತಿ. ಒಬ್ಬ ಬಳಕೆದಾರನ ಹೆಸರಿಗೆ ಮಾತ್ರ ಹಾಕಿದ ಫಾಂಟ್ ಕೆಲವು ಸಾಫ್ಟ್‌ವೇರ್‌ಗಳಿಗೆ ಕಾಣಲ್ಲ. ಆಮೇಲೆ ಸಾಫ್ಟ್‌ವೇರ್ ಮುಚ್ಚಿ ತೆರೆದು ನೋಡ್ರಿ.

ಎರಡನೇದು, ಅಕ್ಷರ ಕನ್ನಡದ್ದೇ ಇದೆ, ಆದ್ರೆ ಒತ್ತು ಕೆಳಗೆ ಹೋಗದೆ ಪಕ್ಕದಲ್ಲಿ ನಿಂತಿದೆ, ಅರ್ಕಾವೊತ್ತು ಎಲ್ಲೋ ಹೋಗಿದೆ. ಇದು ಯೂನಿಕೋಡ್ ಫಾಂಟ್‌ನಲ್ಲಿ ಆಗೋದು. ತುಂಗಾ, ನಿರ್ಮಲಾ, ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಇವೆಲ್ಲಾ ಯೂನಿಕೋಡ್. ಇಲ್ಲಿ "ಕ", "್", "ಷ" ಮೂರೂ ಸೇರಿ "ಕ್ಷ" ಆಗಬೇಕಾದ್ರೆ ಸಾಫ್ಟ್‌ವೇರ್ ಒಳಗಿನ ಟೆಕ್ಸ್ಟ್ ಎಂಜಿನ್ ಅವನ್ನ ಜೋಡಿಸಬೇಕು. ಫೋಟೋಶಾಪ್‌ನ ಹಳೆ ಆವೃತ್ತಿಗಳಲ್ಲಿ ಈ ಜೋಡಣೆ ತಾನಾಗೇ ಆನ್ ಇರ್ತಿರಲಿಲ್ಲ. ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನೋ ಕಡೆ ಹೋಗಿ ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್, ಅಥವಾ ವರ್ಲ್ಡ್-ರೆಡಿ ಲೇಔಟ್, ಅಂತ ಆರಿಸಬೇಕಿತ್ತು. ಮೆನುವಿನ ಹೆಸರು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ, ಹುಡುಕಿದ್ರೆ ಸಿಗ್ತದೆ.

ಈಗ ಮಜಾ ನೋಡ್ರಿ. ಅಪ್‌ಡೇಟ್ ಆದ ಮೇಲೆ ತೊಂದರೆ ಬಂತು ಅಂದ್ರೆ ಎಲ್ಲರೂ ಹೇಳೋ ಮೊದಲ ಔಷಧ "ಪ್ರಿಫರೆನ್ಸ್ ರೀಸೆಟ್ ಮಾಡು." ರೀಸೆಟ್ ಮಾಡಿದ್ರೆ ಎಲ್ಲಾ ಸೆಟ್ಟಿಂಗ್ ಮೊದಲಿನಂಗೆ ಹೋಗ್ತವೆ, ಕನ್ನಡದ ಈ ಸೆಟ್ಟಿಂಗೂ ಹೋಗ್ತದೆ. ಅಂದ್ರೆ ಇಂಗ್ಲಿಷ್‌ನಲ್ಲಿ ಕೆಲಸ ಮಾಡೋರಿಗೆ ಔಷಧ ಆಗಿದ್ದು ಹಳೆ ಆವೃತ್ತಿ ಇಟ್ಟುಕೊಂಡ ನಮಗೆ ರೋಗ ತಂದುಕೊಡ್ತದೆ. ಬೇರೆ ಏನೋ ಸರಿ ಮಾಡೋಕೆ ಹೋಗಿ ಕನ್ನಡ ಒಡೆದಿದ್ದರೆ ಅಪ್‌ಡೇಟ್ ಬೈಯೋ ಮೊದಲು ಇಲ್ಲಿ ನೋಡ್ರಿ. ಸೆಟ್ಟಿಂಗ್ ಬದಲಿಸಿದ ಮೇಲೂ ಹಳೆ ಟೆಕ್ಸ್ಟ್ ಲೇಯರ್ ಹಂಗೇ ಉಳಿದಿರಬಹುದು. ಆ ಲೇಯರ್ ಆರಿಸಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಿಂದ ಮತ್ತೆ ವರ್ಲ್ಡ್-ರೆಡಿ ಲೇಔಟ್ ಕೊಡಬೇಕು.

ಆಳಂದ ಕಡೆಯವರಿಗೆ ಇದು ಕನ್ನಡಕ್ಕಷ್ಟೇ ಮುಗಿಯಲ್ಲ. ಗಡಿ ದಾಟಿದ್ರೆ ಮಹಾರಾಷ್ಟ್ರ, ಹಾಗಾಗಿ ಮರಾಠಿ ಬ್ಯಾನರ್ ಬರ್ತದೆ. ಲಾಡ್ಲೆ ಮಶಾಯಕ್ ದರ್ಗಾದ ಉರುಸ್ ಬಂದ್ರೆ ಉರ್ದು ಬ್ಯಾನರ್ ಬರ್ತದೆ. ಬಲದಿಂದ ಎಡಕ್ಕೆ ಬರೆಯೋ ಉರ್ದು, ಜೋಡಕ್ಷರದ ಮರಾಠಿ, ಒತ್ತಿನ ಕನ್ನಡ, ಮೂರಕ್ಕೂ ಬೇಕಾದದ್ದು ಅದೇ ಎಂಜಿನ್. ಒಂದು ಒಡೆದರೆ ಉಳಿದೆರಡನ್ನೂ ಪರೀಕ್ಷೆ ಮಾಡಿ ನೋಡ್ರಿ.

ಇನ್ನೊಂದು ಕಿವಿಮಾತು. ಹಳೆ ಪಿಎಸ್‌ಡಿ ಫೈಲ್‌ನ ಹೊಸ ಆವೃತ್ತಿಯಲ್ಲಿ ತೆರೆದಾಗ "ಟೆಕ್ಸ್ಟ್ ಲೇಯರ್ ಅಪ್‌ಡೇಟ್ ಮಾಡಲಾ?" ಅಂತ ಒಂದು ಡಬ್ಬಿ ಕೇಳ್ತದೆ. ಅವಸರದಲ್ಲಿ ಹೌದು ಅನ್ನಬೇಡಿ. ಬೇಡ ಅಂದ್ರೆ, ನೀವು ಆ ಅಕ್ಷರ ಮುಟ್ಟೋ ತನಕ ಹಳೆ ಚಿತ್ರವೇ ಪರದೆ ಮೇಲೆ ಇರ್ತದೆ. ಆ ಸ್ಥಿತಿಯಲ್ಲೇ ಒಂದು ಜೆಪಿಜಿ ಅಥವಾ ಟಿಫ್ ಕಾಪಿ ತೆಗೆದುಕೊಂಡುಬಿಡಿ. ಸಂಜೆಯ ಬ್ಯಾನರ್ ಮುದ್ರಣಕ್ಕೆ ಅಷ್ಟೇ ಸಾಕು. ಹೌದು ಅಂದ್ರೆ ಎಲ್ಲಾ ಲೇಯರ್ ಹೊಸದಾಗಿ ಜೋಡಣೆ ಆಗಿ, ಸರಿ ಇದ್ದದ್ದೂ ಕೆಡಬಹುದು.

ಇನ್ನು ಪರದೆ ಕಪ್ಪಾಗೋದು, ಬ್ರಷ್ ಎಳೆದರೆ ಗೆರೆ ನಿಧಾನಕ್ಕೆ ಬರೋದು, ಜೂಮ್ ಮಾಡಿದ್ರೆ ಚೌಕಚೌಕ ಕಾಣೋದು. ಇದು ಬಹುತೇಕ ಗ್ರಾಫಿಕ್ಸ್ ಕಾರ್ಡ್ ಮತ್ತು ಹೊಸ ಆವೃತ್ತಿಯ ಜಗಳ. ನಮ್ಮ ಕಡೆ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್‌ಗಳು ಜಾಸ್ತಿ ಅಲ್ವಾ, ಕಾರ್ಡ್ ಹಳೇದು, ಡ್ರೈವರ್ ಇನ್ನೂ ಹಳೇದು. ಪ್ರಿಫರೆನ್ಸಸ್‌ನಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ "ಯೂಸ್ ಗ್ರಾಫಿಕ್ಸ್ ಪ್ರೊಸೆಸರ್" ಅನ್ನೋ ಟಿಕ್ ತೆಗೆದು, ಮುಚ್ಚಿ ತೆರೆಯಿರಿ. ಸರಿ ಹೋಯಿತು ಅಂದ್ರೆ ರೋಗ ಅಲ್ಲೇ ಇದೆ. ಆಗ ಎನ್‌ವಿಡಿಯಾ, ಇಂಟೆಲ್ ಅಥವಾ ಎಎಂಡಿ, ನಿಮ್ಮ ಕಾರ್ಡ್ ಯಾವುದೋ ಆ ಕಂಪನಿಯ ಜಾಲತಾಣದಿಂದಲೇ ಡ್ರೈವರ್ ಹಾಕಿ. ಟಿಕ್ ತೆಗೆದು ಕೆಲಸ ನಡೀತಿದ್ರೆ ಈ ಆರ್ಡರ್ ಮುಗಿಯೋ ತನಕ ಹಂಗೇ ಬಿಡಿ, ಕೆಲವು ಫಿಲ್ಟರ್ ಸಿಗಲ್ಲ ಅಷ್ಟೇ.

ತೆರೆಯುವಾಗಲೇ ನಿಂತುಹೋಗ್ತದೆ ಅಂದ್ರೆ ಶಿಫ್ಟ್ ಕೀ ಒತ್ತಿ ಹಿಡಿದು ಫೋಟೋಶಾಪ್ ತೆರೆಯಿರಿ, ಹೊರಗಿನ ಪ್ಲಗಿನ್‌ಗಳನ್ನ ಬಿಟ್ಟು ತೆರೆಯಲಾ ಅಂತ ಕೇಳ್ತದೆ. ಸ್ಕಿನ್ ಸ್ಮೂತ್ ಮಾಡೋ ಪ್ಲಗಿನ್, ಆಲ್ಬಂ ಮಾಡೋ ಪ್ಲಗಿನ್ ಅಂತ ಸ್ಟುಡಿಯೋದಲ್ಲಿ ಹತ್ತು ಇರ್ತವೆ, ಹಳೇದು ಒಂದು ಸಾಕು ಎಲ್ಲಾ ನಿಲ್ಲಿಸೋಕೆ. ಸಿ ಡ್ರೈವ್ ತುಂಬಿದೆಯಾ ಅಂತಲೂ ನೋಡಿ.

ಇಷ್ಟೆಲ್ಲಾ ಆದ ಮೇಲೂ ಆಗಲಿಲ್ಲ ಅಂದ್ರೆ ಮಾತ್ರ ರೀಸೆಟ್. ಅದಕ್ಕೆ ಮೊದಲು ನಿಮ್ಮ ಆ್ಯಕ್ಷನ್, ಬ್ರಷ್, ಪ್ರಿಸೆಟ್ ಎಲ್ಲಾ ಸೇವ್ ಮಾಡಿ ಬೇರೆ ಕಡೆ ಇಡಬೇಕು. ಪಾಸ್‌ಪೋರ್ಟ್ ಫೋಟೋ ಎಂಟು ಒಂದೇ ಹಾಳೆಗೆ ಜೋಡಿಸೋ ಆ್ಯಕ್ಷನ್ ಯಾರೋ ಹಿರಿಯ ಸ್ಟುಡಿಯೋದವರು ನಿಮಗೆ ಕೊಟ್ಟದ್ದಿರ್ತದೆ. ಹೋದರೆ ಮತ್ತೆ ಅವರ ಹತ್ರ ಹೋಗಬೇಕು. ಆಮೇಲೆ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರೂ ಒತ್ತಿ ಹಿಡಿದು ತೆರೆದ್ರೆ ಸೆಟ್ಟಿಂಗ್ ಅಳಿಸಲಾ ಅಂತ ಕೇಳ್ತದೆ.

ಹಿಂದಿನ ಆವೃತ್ತಿಗೆ ಹೋಗೋದು ತಪ್ಪೇನಲ್ಲ. ಚಂದಾ ಕಟ್ಟಿದವರಿಗೆ ಕ್ರಿಯೇಟಿವ್ ಕ್ಲೌಡ್ ಆ್ಯಪ್‌ನಲ್ಲಿ ಫೋಟೋಶಾಪ್ ಪಕ್ಕದ ಮೂರು ಚುಕ್ಕಿ ಒತ್ತಿದ್ರೆ ಬೇರೆ ಆವೃತ್ತಿಗಳು ಕಾಣ್ತವೆ. ಆದ್ರೆ ಬಹಳ ಹಿಂದಕ್ಕೆ ಹೋಗೋಕೆ ಆಗಲ್ಲ, 2019ರಲ್ಲಿ ಅಡೋಬಿ ಬಹಳ ಹಳೆ ಆವೃತ್ತಿಗಳನ್ನ ತೆಗೆದುಬಿಟ್ಟಿತು. ದೊಡ್ಡ ಅಪ್‌ಡೇಟ್ ಹಾಕುವಾಗ "ಹಿಂದಿನ ಆವೃತ್ತಿ ತೆಗೆಯಲಾ" ಅನ್ನೋ ಟಿಕ್ ಇದ್ದರೆ ತೆಗೆದುಬಿಡಿ. ಎರಡೂ ಪಕ್ಕಪಕ್ಕ ಇರಲಿ, ಹೊಸದು ಮೊಂಡುತನ ಮಾಡಿದ್ರೆ ಹಳೇದರಲ್ಲಿ ಕೆಲಸ ಮುಗಿಸಬಹುದು.

ಲೈಟ್‌ರೂಮ್ ಕ್ಲಾಸಿಕ್ ಬಳಸೋರು ಮಾತ್ರ ಒಂದು ಎಚ್ಚರ ಇಟ್ಕೊಳ್ಳಿ. ದೊಡ್ಡ ಅಪ್‌ಡೇಟ್ ಬಂದಾಗ ಅದು ನಿಮ್ಮ ಕ್ಯಾಟಲಾಗ್‌ನ ಹೊಸ ರೂಪಕ್ಕೆ ಬದಲಿಸಿ ಬೇರೆ ಫೈಲ್ ಮಾಡ್ತದೆ. ಹಳೆ ಕ್ಯಾಟಲಾಗ್ ಅಳಿಸಿಹೋಗಲ್ಲ. ವಾಪಸ್ ಹಳೆ ಆವೃತ್ತಿಗೆ ಹೋದರೆ ಅಪ್‌ಡೇಟ್ ಆದ ಮೇಲೆ ಮಾಡಿದ ಕೆಲಸ ಅದರಲ್ಲಿ ಇರಲ್ಲ. ಆಲ್ಬಂ ಅರ್ಧಕ್ಕೆ ಬಂದಿರುವಾಗ ಈ ಬದಲಾವಣೆಗೆ ಒಪ್ಪಬೇಡಿ.

ಈಗ ಯಾರೂ ಬಾಯಿಬಿಟ್ಟು ಹೇಳದ ಮಾತು. ನಮ್ಮ ಕಡೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಂಡೋರು ಎಷ್ಟು ಮಂದಿ ಅಂತ ನನಗೂ ಗೊತ್ತು, ನಿಮಗೂ ಗೊತ್ತು. "ಕಲಬುರಗಿ ಸೂಪರ್ ಮಾರ್ಕೆಟ್‌ನ್ಯಾಗ ಹಾಕಿಸ್ಕೊಂಡು ಬಂದೀನ್ರಿ" ಅಂತಾರೆ. ನಾನು ಪೊಲೀಸ್ ಅಲ್ಲ. ವ್ಯಾಪಾರದ ಲೆಕ್ಕ ಮಾತ್ರ ಹೇಳ್ತೀನಿ: ಅದು ಕೆಟ್ಟಾಗ ಯಾರನ್ನೂ ಕೇಳೋಕೆ ಆಗಲ್ಲ, ಹಳೆ ಆವೃತ್ತಿಗೆ ಹೋಗೋ ದಾರಿ ಇರಲ್ಲ, ಅದರ ಜೊತೆ ವೈರಸ್ ಬಂದು ಗಿರಾಕಿಗಳ ಫೋಟೋ ಲಾಕ್ ಆದ್ರೆ ದೂರು ಕೊಡೋಕೂ ಮುಜುಗರ. ಚಂದಾ ಜಾಸ್ತಿ ಅನಿಸಿದ್ರೆ ಬೇರೆ ದಾರಿ ಇವೆ. ಗಿಂಪ್ ಪೂರ್ತಿ ಉಚಿತ, 2025ರ ಮಾರ್ಚ್‌ನಲ್ಲಿ 3.0 ಬಂದಿದೆ, ಅದರಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಯಾವ ಸೆಟ್ಟಿಂಗ್ ಮುಟ್ಟದೇ ಸರಿಯಾಗಿ ಕೂಡ್ತವೆ. ಫೋಟೋಪಿಯಾ ಅಂತ ಬ್ರೌಸರ್‌ನಲ್ಲೇ ನಡೆಯೋದೊಂದಿದೆ, ಪಿಎಸ್‌ಡಿ ಫೈಲ್ ತೆರೀತದೆ. ಎರಡೂ ಫೋಟೋಶಾಪ್ ಥರ ಕೈಗೆ ಕೂಡೋಕೆ ಟೈಮ್ ಬೇಕು, ಸುಳ್ಳು ಹೇಳಲ್ಲ. ಆದ್ರೆ ತುರ್ತಿಗೆ ಬರ್ತವೆ.

ತುರ್ತು ಅಂದ್ರೆ ಬರೀ ಮದುವೆ ಅಲ್ಲ. ಅಫಜಲಪುರದಿಂದ ಒಬ್ಬ ತಮ್ಮ ಕೇಳಿದ್ದ. ಬ್ಯಾಂಕ್ ಪರೀಕ್ಷೆ ಅರ್ಜಿಗೆ ಕೊನೇ ದಿನ, ಫೋಟೋ 20ರಿಂದ 50 ಕೆಬಿ ಒಳಗೆ ಇರಬೇಕು, ಆನ್‌ಲೈನ್ ಸೆಂಟರ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ತೆರೀತಿಲ್ಲ, ಹೊರಗೆ ಹತ್ತು ಹುಡುಗರ ಸಾಲು. ಇಂಥ ಕೆಲಸಕ್ಕೆ ಫೋಟೋಶಾಪ್ ಬೇಕೇ ಇಲ್ಲ. ವಿಂಡೋಸ್‌ನ ಪೇಂಟ್‌ನಲ್ಲಿ ರೀಸೈಜ್ ಒತ್ತಿ ಅಗಲ ಎತ್ತರ ಕೊಟ್ಟು ಜೆಪಿಜಿ ಆಗಿ ಸೇವ್ ಮಾಡಿದ್ರೆ ಮುಗೀತು. ಸೆಂಟರ್ ನಡೆಸೋರು ಇದನ್ನ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿಡಿ. ಒಬ್ಬ ಹುಡುಗನ ಒಂದು ವರ್ಷದ ಓದು ಆ ಐದು ನಿಮಿಷದ ಮೇಲೆ ನಿಂತಿರ್ತದೆ.

ಕೊನೆಗೆ, ಅಪ್‌ಡೇಟ್ ಹಾಕಲೇಬಾರದಾ? ಹಾಕಬೇಕು. ಸುರಕ್ಷತೆಯ ತೇಪೆಗಳು ಅದರಲ್ಲೇ ಬರೋದು. ಯಾವಾಗ ಅನ್ನೋದು ನಿಮ್ಮ ಕೈಲಿರಲಿ. ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್‌ನ ಪುಟಕ್ಕೆ ಹೋಗಿ, ಮೇಲಿನ ಮೂರು ಚುಕ್ಕಿ ಒತ್ತಿ, ಆಟೋ ಅಪ್‌ಡೇಟ್ ಟಿಕ್ ತೆಗೀರಿ. ಉಳಿದ ಆ್ಯಪ್‌ಗಳು ತಾವಾಗೇ ಅಪ್‌ಡೇಟ್ ಆಗಲಿ, ಹೊಟ್ಟೆಪಾಡಿನ ಆ್ಯಪ್ ಮಾತ್ರ ನಿಮ್ಮನ್ನ ಕೇಳಿ ಆಗಲಿ. ಕ್ರಿಯೇಟಿವ್ ಕ್ಲೌಡ್‌ನಲ್ಲೂ ಆಟೋ ಅಪ್‌ಡೇಟ್ ಆಫ್ ಮಾಡಬಹುದು. ಲಗ್ನದ ಸೀಸನ್‌ನಲ್ಲಿ ಬೇಡ, ಗಾಣಗಾಪುರದಲ್ಲಿ ದತ್ತ ಜಯಂತಿ ಇರೋ ವಾರ ಬ್ಯಾನರ್‌ನವರಿಗೆ ಬೇಡ. ಮೂಢ ಬಂದು ಲಗ್ನ ನಿಂತಿರ್ತವಲ್ಲ, ಆವಾಗ ಒಂದು ಮಧ್ಯಾಹ್ನ ಕೂತು ಮಾಡ್ರಿ. ಕರೆಂಟ್ ಹೋಗೋ ಟೈಮ್ ನೋಡ್ಕೊಂಡು ಮಾಡ್ರಿ ಮತ್ತೆ. ಅರ್ಧ ಅಪ್‌ಡೇಟ್ ಆದಾಗ ಲೈಟ್ ಹೋದ್ರೆ, ಯುಪಿಎಸ್ ಬ್ಯಾಟರಿ ಸತ್ತಿದ್ರೆ, ಅದು ಇನ್ನೊಂದು ಸಂಚಿಕೆಯ ಕಥೆ.

ನಿಮ್ಮ ಸ್ಕ್ರೀನ್‌ನಲ್ಲಿ ಬಂದ ಎರರ್ ಇದರಲ್ಲಿ ಯಾವುದೂ ಅಲ್ಲ ಅಂದ್ರೆ, ಪರದೆಯ ಫೋಟೋ ಮತ್ತು ಆವೃತ್ತಿ ಸಂಖ್ಯೆ ಎರಡೂ ಕಳಿಸಿ. "ಕೆಲಸ ಮಾಡವಲ್ದು" ಅಂತ ಬರೀ ವಾಯ್ಸ್ ಕಳಿಸಿದ್ರೆ ನಾನೂ ಏನೂ ಹೇಳಾಕ ಬರಲ್ಲ. ಮುಂದಿನ ವಾರ ಸಿಗೋಣ್ರಿ.